ಸ್ಟ್ಯಾಂಡ್ ಹಾಕಿದ ಸೈಕಲ್ಲು

ಡಾಕ್ಟರು ನನ್ನ ಮಂಡಿ ಒತ್ತಿ ನೋಡಿ, "ದಿನಾ ಅರ್ಧ ಗಂಟೆ ಸೈಕಲ್ ತುಳೀರಿ" ಅಂದರು. ಆಮೇಲೆ ಕಿಟಕಿಯಾಚೆಗಿನ ರಸ್ತೆ ನೋಡಿ, "ಅಯ್ಯೋ, ಹೊರಗಲ್ಲ, ಮನೆಯೊಳಗೆ!" ಅಂತ ತಿದ್ದಿದರು. ಬೆಂಗಳೂರಿನ ಡಾಕ್ಟರು ನೋಡಿ. ಮಂಡಿ ಉಳಿಸಲು ಹೋಗಿ ರೋಗಿಯನ್ನೇ ಕಳೆದುಕೊಳ್ಳಬಾರದು ಅನ್ನುವ ವಿವೇಕ ಇದೆ.

ನಮ್ಮ ನಗರ ಸೈಕಲ್ಲಿಗೆ ಜಾಗ ಕೊಟ್ಟೇ ಇಲ್ಲ ಅಂತೇನಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದೇ ಪಥ ಮಾಡಿ, ಸಣ್ಣ ಕಂಬಗಳನ್ನು ನೆಟ್ಟಿದ್ದರು. ಅದರಲ್ಲಿ ಬೈಕು ಹೋಯಿತು, ಆಟೊ ಹೋಯಿತು, ರಾಂಗ್ ಸೈಡಿನಿಂದ ಸ್ಕೂಟರು ಬಂತು. ಕಂಬಗಳು ಒಂದೊಂದಾಗಿ ಮಲಗಿದವು. ಆಮೇಲೆ ಮೆಟ್ರೊ ಕೆಲಸ ಬಂತು. ಸೈಕಲ್ಲು ಮನೆಯೊಳಗೆ ಬಂತು.

ಅಂಗಡಿ ಏಳು ಕಿಲೋಮೀಟರ್ ದೂರ. ಎಲ್ಲಿಗೂ ಹೋಗದ ಸೈಕಲ್ ತರಲು ಕಾರಿನಲ್ಲಿ ಮುಕ್ಕಾಲು ಗಂಟೆ ಹೋದೆವು. ಒಳಗೆ ಕಾಲಿಡುತ್ತಿದ್ದಂತೆ ಹುಡುಗ ಶುರು ಮಾಡಿದ: "ಅಪ್‌ರೈಟಾ, ರಿಕಂಬೆಂಟಾ, ಸ್ಪಿನ್ನಾ, ಏರ್ ಬೈಕಾ ಸರ್?" ದರ್ಶಿನಿಯಲ್ಲಿ ಸೆಟ್ಟಾ, ಮಸಾಲೆನಾ, ಖಾಲಿನಾ ಅಂದ ಹಾಗೆ.

ಅಪ್‌ರೈಟ್ ಅಂದರೆ ಮಾಮೂಲಿ ಸೈಕಲ್ಲಿನ ಹಾಗೆ ನೆಟ್ಟಗೆ ಕೂರುವುದು. ಜಾಗ ಕಡಿಮೆ, ದುಡ್ಡೂ ಕಡಿಮೆ. ಸೀಟು ಮಾತ್ರ ಹತ್ತೇ ನಿಮಿಷದಲ್ಲಿ ಹಳೇ ಪಾಪಗಳನ್ನೆಲ್ಲ ನೆನಪಿಗೆ ತರುತ್ತದೆ. ರಿಕಂಬೆಂಟಿನಲ್ಲಿ ಬೆನ್ನಿಗೆ ಒರಗು ಇರುತ್ತದೆ, ಪೆಡಲ್ಲು ಮುಂದಕ್ಕೆ. ಮಂಡಿ, ಸೊಂಟ ನೋವಿನವರಿಗೆ ಇದೇ ಹಿತ. ನಾನು ಹತ್ತಿ ಒರಗಿ ಕಣ್ಣು ಮುಚ್ಚಿದ್ದೆ ಅಷ್ಟೇ. "ಇಂಥದ್ದು ಮನೇಲಿದೆ ಕಣ್ರೀ, ಸೋಫಾ ಅಂತಾರೆ" ಅಂದಳು ಹೆಂಡತಿ. ಇಳಿದೆ.

ಸ್ಪಿನ್ ಬೈಕಿನಲ್ಲಿ ರೇಸಿನವರ ಹಾಗೆ ಮುಂದಕ್ಕೆ ಬಗ್ಗಬೇಕು. ಅದರ ಫ್ಲೈವೀಲಿನ, ಅಂದರೆ ಪೆಡಲ್ಲಿನ ಜೊತೆ ತಿರುಗುವ ಭಾರದ ಚಕ್ರದ, ತೂಕವನ್ನು ಹುಡುಗ ಬಂಗಾರದ ತೂಕದ ಹಾಗೆ ಹೇಳಿದ. ತುಳಿಯುವುದು ಭಾರವಾಗಲಿ ಅಂತ ಚಕ್ರ ತಡೆಯಲು ಎರಡು ಉಪಾಯ: ಒಂದರಲ್ಲಿ ಫೆಲ್ಟ್ ಪ್ಯಾಡ್ ಉಜ್ಜುತ್ತದೆ, ಸದ್ದು ಮಾಡುತ್ತದೆ, ಸವೆಯುತ್ತದೆ. ಇನ್ನೊಂದರಲ್ಲಿ ಮ್ಯಾಗ್ನೆಟ್ ಮುಟ್ಟದೇ ತಡೆಯುತ್ತದೆ, ಸದ್ದಿಲ್ಲ. ಕೆಳಗಿನ ಮನೆಯವರ ಜೊತೆ ಈಗಾಗಲೇ ಮಾತು ಬಿಟ್ಟಿರುವವರು ಪ್ಯಾಡಿನದ್ದನ್ನೇ ತಗೋಬಹುದು.

ಏರ್ ಬೈಕಿಗೆ ಮುಂದೆ ದೊಡ್ಡ ಫ್ಯಾನು. ಜೋರಾಗಿ ತುಳಿದಷ್ಟೂ ಗಾಳಿ ಜೋರಾಗಿ ತಡೆಯುತ್ತದೆ. ಚೆನ್ನಾಗಿ ಕೆಲಸ ಮಾಡುವವನ ತಲೆಗೇ ಇನ್ನಷ್ಟು ಕೆಲಸ ಕಟ್ಟುವ ಆಫೀಸಿನ ನಿಯಮವೇ ಇದು. ಹೀಗೆ ನಿಂತಲ್ಲೇ ತುಳಿಸುವುದು ಹೊಸದೇನಲ್ಲ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್, ಕೈದಿಗಳು ಸುಮ್ನೆ ಕೂತಿರಬಾರದು ಅಂತ ಕಾಲಲ್ಲಿ ತುಳಿಯುವ ದೊಡ್ಡ ಚಕ್ರ ಮಾಡಿಕೊಟ್ಟ. ಕೆಲವು ಜೈಲುಗಳಲ್ಲಿ ಅದು ಕಾಳು ಬೀಸುತ್ತಿತ್ತು. ಎಷ್ಟೋ ಕಡೆ ಏನನ್ನೂ ಬೀಸುತ್ತಿರಲಿಲ್ಲ. ಗಾಳಿ ಬೀಸುವುದು ಅಂತಲೇ ಅದಕ್ಕೆ ಹೆಸರು. ಇದು ಕ್ರೂರ ಅನ್ನಿಸಿ 1898ರಲ್ಲಿ ಕಾನೂನು ತಂದು ನಿಲ್ಲಿಸಿದರು. ನಾವು ಅದನ್ನೇ ಕಂತಿನಲ್ಲಿ ಕೊಳ್ಳುತ್ತೇವೆ. ನಮ್ಮ ಬೀದಿಗೆ ಬರುವ ಸಾಣೆಯವನೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಂತಲ್ಲೇ ತುಳಿಯುತ್ತಾನೆ. ಅವನು ಇಳಿದಾಗ ಚಾಕುವಾದರೂ ಹರಿತವಾಗಿರುತ್ತದೆ.

ಹುಡುಗ ಅಪ್‌ರೈಟ್ ಮೇಲೆ ಹತ್ತಿಸಿ ತುಳಿಸಿದ. ಮೀಟರಿನಲ್ಲಿ ಗಂಟೆಗೆ 22 ಕಿಲೋಮೀಟರ್ ಬಂತು. ರೋಮಾಂಚನವಾಯಿತು. ಯಾಕಂದರೆ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು 34 ನಿಮಿಷ ಬೇಕಿತ್ತು. ಗಂಟೆಗೆ 18 ಕೂಡ ಆಗಲಿಲ್ಲ. ಅಂದರೆ ಇಡೀ ಊರಿನಲ್ಲಿ ಟ್ರಾಫಿಕ್ಕಿಗಿಂತ ಜೋರಾಗಿ ಓಡುವ ಗಾಡಿ ಇದೊಂದೇ. ಹೆಲ್ಮೆಟ್ ಬೇಡ, ಗುಂಡಿಯಿಲ್ಲ. ಎಲ್ಲೂ ತಲುಪುವುದಿಲ್ಲ ಅನ್ನುವುದೊಂದೇ ಕೊರತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾಮಿನಲ್ಲಿ ನಿಂತವರು ಇದನ್ನು ಕೊರತೆ ಅಂತ ಒಪ್ಪಲಾರರು.

ಕೊನೆಗೆ ಯಾವುದು ಅಂತ ತೀರ್ಮಾನಿಸಿದ್ದು ನನ್ನ ಮಂಡಿಯಲ್ಲ, ಫ್ಯಾನೂ ಅಲ್ಲ, ಮ್ಯಾಗ್ನೆಟ್ಟೂ ಅಲ್ಲ. ಹೆಂಡತಿಯ ಟೇಪು. ಫ್ರಿಜ್ಜಿಗೂ ಬಾಲ್ಕನಿ ಬಾಗಿಲಿಗೂ ಮಧ್ಯೆ ಹಿಡಿಸಿದ್ದು ಅಪ್‌ರೈಟ್ ಮಾತ್ರ.

ಅಪಾರ್ಟ್‌ಮೆಂಟಿನಲ್ಲಿ ಡಿಕ್ಕಿ ತೆಗೆದರೆ ಟ್ರಾಲಿ ಕೆಟ್ಟಿತ್ತು. ಡಬ್ಬ ಅಲುಗಾಡಲಿಲ್ಲ. ರಾಯಚೂರು ಕಡೆಯ ಸೆಕ್ಯುರಿಟಿ ಅಣ್ಣ ಗೇಟಿನಾಚೆಯಿಂದ ತನ್ನ ಅಟ್ಲಾಸ್ ಸೈಕಲ್ ತಂದರು. ಒಳಗೆ ನಿಲ್ಲಿಸಿದರೆ ಅಂದ ಕೆಡುತ್ತದೆ ಅಂತ ಅಸೋಸಿಯೇಷನ್ ಅದನ್ನು ಕಾಂಪೌಂಡಿನ ಹೊರಗೆ ಇಡಿಸಿತ್ತು. ಡಬ್ಬವನ್ನು ಕ್ಯಾರಿಯರ್ ಮೇಲೆ ಏರಿಸಿ, ಹಗ್ಗ ಬಿಗಿದು, ಅವರು ಹ್ಯಾಂಡಲ್ ಹಿಡಿದು ತಳ್ಳಿದರು. ನಾನು ಹಿಂದಿನಿಂದ ಹಿಡಿದುಕೊಂಡು ಏದುಸಿರು ಬಿಡುತ್ತಾ ನಡೆದೆ.

ಲಿಫ್ಟಿನ ಹತ್ತಿರ ಇಳಿಸಿ, ಡಬ್ಬದ ಮೇಲಿನ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು.

"ಛಲೋ ಐತ್ರಿ ಸರ. ಕೀಲಿ ಹಾಕೋದೂ ಬ್ಯಾಡ. ಯಾವನು ತುಳಿದ್ರೂ ಇಲ್ಲೇ ಇರ್ತೈತಿ."