ಭಾವನ ವೈನ್ ಪರೀಕ್ಷೆ

ವೈನ್ ಪರೀಕ್ಷೆ ಮಾಡುವವರು ಅದನ್ನು ಕುಡಿಯುವುದಿಲ್ಲ. ಗ್ಲಾಸು ಓರೆ ಮಾಡಿ ಬಣ್ಣ ನೋಡುತ್ತಾರೆ, ಗಿರ್ರನೆ ತಿರುಗಿಸಿ ಮೂಸುತ್ತಾರೆ, ಬಾಯಲ್ಲಿಟ್ಟು ಮುಕ್ಕಳಿಸುತ್ತಾರೆ, ಆಮೇಲೆ ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ. ಒಂದೇ ದಿನ ಹತ್ತಾರು ವೈನಿಗೆ ಅಂಕ ಕೊಡುವವರು ಹೀಗೆ ಮಾಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಪೆನ್ನು ಯಾವುದು, ಗ್ಲಾಸು ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಭಾವ ಯಾವುದೋ ವೀಕೆಂಡ್ ಕ್ಲಾಸಿಗೆ ಹೋಗಿ ಇದನ್ನೆಲ್ಲ ಕಲಿತು ಬಂದರು, ಉಗುಳುವುದೊಂದನ್ನು ಬಿಟ್ಟು. "ಇಷ್ಟು ದುಡ್ಡು ಸುರಿದಿದ್ದೀನಿ, ಉಗುಳೋದಕ್ಕೇನೋ?"

ಭಾನುವಾರ ಮನೆಯಲ್ಲೇ ಪರೀಕ್ಷೆ ಏರ್ಪಾಡಾಯಿತು. ನಾಲ್ಕು ಬಾಟಲಿ: ನಂದಿ ಬೆಟ್ಟದ ತಪ್ಪಲಿನದು, ನಾಸಿಕದ್ದು, ಜರ್ಮನಿಯ ಮೊಸೆಲ್ ಕಣಿವೆಯದು, ಫ್ರಾನ್ಸಿನ ಬೋರ್ಡೋದ್ದು. ಅಕ್ಕ ಅಡುಗೆಮನೆಯಲ್ಲಿ ಎಲ್ಲಕ್ಕೂ ಪೇಪರ್ ಸುತ್ತಿ ನಂಬರ್ ಹಾಕಿ ತಂದಿಟ್ಟಳು. ಹೆಸರು ಮುಚ್ಚಿದರೆ ಏನೇನಾಗುತ್ತದೆ ಅಂತ ಚರಿತ್ರೆ ಓದಿದವರಿಗೆ ಗೊತ್ತು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಒಂಬತ್ತು ಜನ ಫ್ರೆಂಚ್ ಪರಿಣತರ ಮುಂದೆ ಹೀಗೇ ಫ್ರಾನ್ಸಿನ ವೈನ್, ಕ್ಯಾಲಿಫೋರ್ನಿಯಾದ ವೈನ್ ಇಟ್ಟಿದ್ದ. ಬಿಳಿಯದರಲ್ಲೂ ಕೆಂಪಿನದರಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯಾದ 1973ರ ಫಸಲು. ತೀರ್ಪು ಕೊಟ್ಟ ಒಬ್ಬ ಹೆಂಗಸು ನನ್ನ ಅಂಕಪಟ್ಟಿ ವಾಪಸ್ ಕೊಡಿ ಅಂತ ಪಟ್ಟು ಹಿಡಿದರಂತೆ.

ಒಂದನೇ ನಂಬರ್ ಬಿಳಿ ವೈನ್. ಭಾವ ಮೂಸಿ, "ಸೀಮೆಎಣ್ಣೆ!" ಎಂದು ಕುಣಿದರು. ಹಾಗಂದರೆ ಅದು ಹೊಗಳಿಕೆ. ಮೊಸೆಲ್ ಕಡೆ ಬೆಳೆಯುವ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನಿಗೆ ವಯಸ್ಸಾದರೆ ನಿಜಕ್ಕೂ ಆ ವಾಸನೆ ಬರುತ್ತದೆ, ಬಲ್ಲವರಲ್ಲಿ ಎಷ್ಟೋ ಜನ ಅದನ್ನು ಮೆಚ್ಚುತ್ತಾರೆ. ಒಳಗಿನಿಂದ ಭಾವನ ಅಮ್ಮ ಓಡಿ ಬಂದು, "ಎಲ್ಲಿ ಚೆಲ್ತೋ? ಗ್ಯಾಸ್ ಆಫ್ ಮಾಡು!" ಎಂದರು. ಅತ್ತೆ ತೀರ್ಥಹಳ್ಳಿಯವರು. ಬಂದವರು ವಾಪಸ್ ಹೋಗಲಿಲ್ಲ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಎರಡನೆಯದು ನಾಸಿಕ ಅಂತ ಸರಿಯಾಗೇ ಹೇಳಿದರು. ಮೂರನೆಯದು ಕೆಂಪು. ಭಾವ ಕಣ್ಣು ಮುಚ್ಚಿ, "ಬೋರ್ಡೋ. 2015. ಒಳ್ಳೆ ವರ್ಷ" ಎಂದು ಪೂರ್ತಿ ಕುಡಿದರು. ಅಕ್ಕ ಪೇಪರ್ ಬಿಚ್ಚಿದಳು. ನಂದಿ. 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತಂದು ಅಲ್ಲಿ ನೆಟ್ಟಿದ್ದಾರೆ, ಆದ್ದರಿಂದ ಭಾವ ಪೂರ್ತಿ ಸುಳ್ಳೇನೂ ಹೇಳಲಿಲ್ಲ. ನಾನೂ ಸಮಾಧಾನಕ್ಕೆ ಫ್ರೆಡೆರಿಕ್ ಬ್ರೋಶೆ ಎಂಬ ಸಂಶೋಧಕನ ಕತೆ ಹೇಳಿದೆ. ಬೋರ್ಡೋದಲ್ಲೇ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಆತ ಬಿಳಿ ವೈನಿಗೇ ಕೆಂಪು ಬಣ್ಣ ಹಾಕಿ ಕೊಟ್ಟ. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. "ಅವರಿನ್ನೂ ಸ್ಟೂಡೆಂಟ್ಸು" ಎಂದರು ಭಾವ. ಈಗ ಇವರ ಮುಖವೂ ಕೆಂಪಗಿತ್ತು.

ಉಳಿದದ್ದು ಅಸಲಿ ಬೋರ್ಡೋ. ಬೆಲೆ ಎಷ್ಟು ಅಂತ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ಭಾವ ಮೂಸಿದರು, ಮತ್ತೆ ಮೂಸಿದರು. "ಕಾಡಿನ ಮಣ್ಣು... ಹಳೇ ಮರ... ತುಂಬಾ ಆಳ ಇದೆ."

ಅತ್ತೆ ಗ್ಲಾಸು ಕಸಿದು ಮೂಗಿನ ಹತ್ತಿರ ಹಿಡಿದರು. "ಆಳವೂ ಇಲ್ಲ, ಮರವೂ ಇಲ್ಲ. ಮಳೆಗಾಲದಲ್ಲಿ ಅಟ್ಟದ ಮೇಲೆ ನೆನೆದ ರಟ್ಟಿನ ಡಬ್ಬಿ."

ಭಾವ ಕ್ಲಾಸಿನ ನೋಟ್ಸ್ ತೆಗೆದರು. ಕಾರ್ಕ್ ಬಿರಡೆಯಲ್ಲಿ ಟಿಸಿಎ ಎಂಬ ರಾಸಾಯನಿಕ ಸೇರಿಕೊಂಡರೆ ವೈನ್ ಕೆಡುತ್ತದೆ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಇದ್ದರೂ ಸಾಕು, ಚುರುಕು ಮೂಗಿಗೆ ಸಿಕ್ಕಿಬೀಳುತ್ತದೆ. ಲಕ್ಷಣ: ಒದ್ದೆ ರಟ್ಟಿನ ವಾಸನೆ. ಆ ಸಾಲಿಗೆ ಅವರೇ ಹೈಲೈಟರ್ ಎಳೆದಿದ್ದರು. ಕುಡಿದರೆ ಅಪಾಯವಿಲ್ಲ ಅಂತಲೂ ಬರೆದಿತ್ತು, ಆದರೆ ಅಂದು ಮೊದಲ ಸಲ ಭಾವ ಬಕೆಟ್ಟಿಗೆ ಉಗುಳಿದರು.

ಮಾರನೆಯ ದಿನ ಬಾಟಲಿ ಹಿಡಿದು ಅಂಗಡಿಗೆ ಹೋದರು. ಕೌಂಟರಿನವನು ಮೂಸಿ ನೋಡಿ, "ಸರ್, ವೈನ್ ಅಂದ್ರೆ ಇದೇ ವಾಸನೆ" ಎಂದನಂತೆ. ಭಾವ ಅಲ್ಲಿಂದಲೇ ಫೋನ್ ಮಾಡಿದರು. "ಅಮ್ಮಾ, ಆಟೋ ಕಳಿಸ್ತೀನಿ, ಒಂದು ನಿಮಿಷ ಬಂದು ಹೇಳಿ ಹೋಗು."

"ಹೆಂಡದಂಗಡಿ ಕೌಂಟರಿನಲ್ಲಿ ನಿಂತು ಹೆಂಡ ಸರಿಯಿಲ್ಲ ಅಂತ ಜಗಳ ಆಡ್ಲಾ ನಾನು?" ಎಂದು ಅತ್ತೆ ಫೋನ್ ಇಟ್ಟರು.