ಹಸಿ ಒರೆಗಾನೊವನ್ನು ಒಗ್ಗರಣೆಯಿಂದಲೇ ಶುರು ಮಾಡಿ

ಒರೆಗಾನೊ ಎಂದರೆ ಪಿಜ್ಜಾ ಜೊತೆ ಬರುವ ಪುಟ್ಟ ಪೊಟ್ಟಣ ಎಂದುಕೊಂಡವರೇ ಹೆಚ್ಚು. ಹಸಿ ಸೊಪ್ಪು ಕೈಗೆ ಸಿಕ್ಕಾಗಲೂ ಬೆಂದ ಅಡುಗೆಯ ಮೇಲೆ ನಾಲ್ಕು ಎಲೆ ಉದುರಿಸಿ ಮುಗಿಸಿಬಿಡುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಟ್ಟೆ ತುಂಬುವ, ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯುವ ಅಡುಗೆಗೆಂದೇ ಹುಟ್ಟಿದ ಸೊಪ್ಪು ಅದು.

ಬೇಸಿಲ್ ಮತ್ತು ಒರೆಗಾನೊ ಎರಡೂ ಪುದೀನದ ಕುಟುಂಬದವೇ. ಆದರೆ ಬೇಸಿಲ್ ಹೆಚ್ಚು ಹೊತ್ತು ಬೆಂದರೆ ಕಪ್ಪಾಗಿ ಸಪ್ಪೆಯಾಗುತ್ತದೆ, ಒರೆಗಾನೊ ಗಟ್ಟಿ ಜೀವ. ಹಸಿ ಎಲೆಯೊಂದನ್ನು ಕಚ್ಚಿ ನೋಡಿ: ಮೊದಲು ಸ್ವಲ್ಪ ಕಹಿ, ಆಮೇಲೆ ನಾಲಿಗೆ ಚುರುಗುಟ್ಟುತ್ತದೆ. ಕಾರ್ವಕ್ರಾಲ್, ಥೈಮಾಲ್ ಎಂಬ ಸುಗಂಧದ ಅಂಶಗಳ ಘಾಟು ಅದು. ಇವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದಲೇ ನಾನು ಎರಡು ಸಲ ಹಾಕುತ್ತೇನೆ: ಮೊದಲು ಎಣ್ಣೆಗೆ, ಕೊನೆಗೆ ಒಲೆ ಆರಿಸುವ ಮುನ್ನ.

ಗ್ರೀಕರ ಫಸೊಲಾಡದಂತಹ ಬಿಳಿ ಬೀನ್ಸ್ ಕಾಳಿನ ಗಟ್ಟಿ ಸೂಪ್ ಇದಕ್ಕೆ ಹೇಳಿ ಮಾಡಿಸಿದ್ದು. ರಾತ್ರಿ ನೆನೆಸಿದ ಕಾಳನ್ನು ಮೆತ್ತಗಾಗುವವರೆಗೆ ಬೇಯಿಸಿಕೊಳ್ಳಿ. ಬೇರೆ ಪಾತ್ರೆಯಲ್ಲಿ ಆಲಿವ್ ಎಣ್ಣೆ ಧಾರಾಳವಾಗಿ ಸುರಿದು ಈರುಳ್ಳಿ, ಕ್ಯಾರೆಟ್, ಸೆಲರಿ, ಬೆಳ್ಳುಳ್ಳಿ ಬಾಡಿಸುವಾಗ ಒರೆಗಾನೊದ ಎರಡು ಮೂರು ಕಡ್ಡಿಗಳನ್ನು ಇಡಿಯಾಗಿಯೇ ಹಾಕಿ. ಎಣ್ಣೆ ಘಮಗುಟ್ಟಿದ ಮೇಲೆ ಕಾಳು ಸೇರಿಸಿ. ಟೊಮೆಟೊ ಮಾತ್ರ ಕಾಳು ಬೆಂದ ಮೇಲೆಯೇ ಬೀಳಬೇಕು. ಹುಳಿ ಮೊದಲೇ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಕಡ್ಡಿಗಳನ್ನು ತೆಗೆದು, ಒಂದು ಚಮಚ ಹೆಚ್ಚಿದ ಹಸಿ ಎಲೆ ಬೆರೆಸಿ. ಎಲೆ ಬಿಡಿಸುವುದೂ ಸುಲಭ: ಕಡ್ಡಿಯ ತುದಿ ಹಿಡಿದು ಎರಡು ಬೆರಳುಗಳನ್ನು ಬುಡದ ಕಡೆಗೆ ಜಾರಿಸಿದರೆ ಸರಕ್ಕನೆ ಉದುರುತ್ತವೆ.

ಆಲೂಗಡ್ಡೆಯ ದಪ್ಪ ಹೋಳುಗಳಿಗೆ ನಿಂಬೆರಸ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒರೆಗಾನೊ ಹಚ್ಚಿ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಅಂಚು ಕೆಂಪಾಗುವವರೆಗೆ ಬೇಯಿಸಿದರೂ ಅಷ್ಟೇ ತೃಪ್ತಿ. ತಟ್ಟೆಯ ತಳದಲ್ಲಿ ಒಂದಿಷ್ಟು ನೀರು ಇರಲಿ.

ಹಸಿಯದೇ ಯಾವಾಗಲೂ ಶ್ರೇಷ್ಠ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಣಗಿದಾಗ ಒರೆಗಾನೊದ ಖಾರ ಸಾಂದ್ರವಾಗುತ್ತದೆ. ಒಂದು ಟೀ ಚಮಚ ಒಣ ಎಲೆ ಮೂರು ಟೀ ಚಮಚ ಹಸಿ ಎಲೆಗೆ ಸಮ. ಗ್ರೀಕ್ ಸಲಾಡ್‌ಗೆ ನನಗೆ ಒಣಗಿದ್ದೇ ಇಷ್ಟ. ಹಸಿಯದರಲ್ಲಿ ಸಿಗುವ ಹಸಿರು ತಾಜಾತನ ಮಾತ್ರ ಒಣಗಿದ್ದರಲ್ಲಿ ಇಲ್ಲ, ಭಾರದ ಊಟವನ್ನು ಹಗುರಾಗಿಸುವುದು ಅದೇ. (ಮೆಕ್ಸಿಕನ್ ಒರೆಗಾನೊ ಬೇರೆಯೇ ಕುಟುಂಬದ ಗಿಡ. ಪಾಕವಿಧಾನದಲ್ಲಿ ಯಾವುದನ್ನು ಹೇಳಿದ್ದಾರೆ ಎಂದು ನೋಡಿಕೊಳ್ಳಿ.)

ಕುಂಡದಲ್ಲಿ ಬೆಳೆಸುವವರು ಚೆನ್ನಾಗಿ ಬಿಸಿಲು ಕೊಡಿ, ನೀರು ಕಡಿಮೆ ಹಾಕಿ. ಮೊಗ್ಗು ಮೂಡಿ ಹೂ ಅರಳುವ ಮೊದಲು ಕಡ್ಡಿ ಕತ್ತರಿಸಿದರೆ ಪರಿಮಳ ಜೋರಾಗಿರುತ್ತದೆ. ಸೊಪ್ಪು ಹೆಚ್ಚಾಯಿತೇ? ದಕ್ಷಿಣ ಇಟಲಿಯವರ ಸಾಲ್ಮೊರಿಲ್ಯೊ ಮಾಡಿ: ನಿಂಬೆರಸ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಉಪ್ಪು, ಜಜ್ಜಿದ ಒರೆಗಾನೊ. ಕೆಂಡದಲ್ಲಿ ಸುಟ್ಟ ಮೀನಿನ ಮೇಲೆ ಬಿಸಿಯಿರುವಾಗಲೇ ಸುರಿಯಿರಿ.