ಕಂಬಿ ಇಲ್ಲದ ಬಂಡೆಯ ಮೇಲೆ ಅಪ್ಪನ ಜೊತೆ

ಅಪ್ಪ ಕುಮಟಾದವರು. ಹುಟ್ಟಿದಾಗಿನಿಂದ ಕಡಲು ನೋಡಿದವರು. ಜೂನ್ ಕೊನೆಯಲ್ಲಿ ಅವರನ್ನು ಇಲ್ಲಿ ಅಮೆರಿಕದ ಮಿನ್ನೆಸೋಟಾದ ಟೆಟಗೂಶ್ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಕಾರಿನಿಂದ ಇಳಿದವರು ಲೇಕ್ ಸುಪೀರಿಯರ್ ಕಡೆ ತಿರುಗಿ ಸುಮಾರು ಹೊತ್ತು ಮಾತಾಡಲಿಲ್ಲ. ಆಚೆ ದಡ ಕಾಣುವುದಿಲ್ಲ. ಅಲೆ ಬಂಡೆಗೆ ಬಡಿಯುವ ಸದ್ದು ನಮ್ಮೂರಿನದೇ. ಆಮೇಲೆ ಎರಡು ಸಲ ಜೋರಾಗಿ ಉಸಿರೆಳೆದುಕೊಂಡು ಕೇಳಿದರು: "ಇದಕ್ಕೆ ಉಪ್ಪಿನ ವಾಸನೆನೇ ಇಲ್ವಲ್ಲೇ?"

ಇಷ್ಟು ವರ್ಷ ಇಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ. ಉಪ್ಪಿಲ್ಲ, ಮೀನಿಲ್ಲ, ಒಣಗಲು ಹಾಕಿದ ಬಲೆಯ ವಾಸನೆ ಇಲ್ಲ. ಒದ್ದೆ ಕಲ್ಲಿನದ್ದು, ಸೀಡರ್ ಮರದ್ದು ಅಷ್ಟೇ. ದಡಕ್ಕೆ ಇಳಿದಾಗ ಅಪ್ಪ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿಕೊಂಡರು. "ಬಾವಿ ನೀರು!" ಅಂದರು. ಮಗುವಿನ ಮುಖ ಆಗಿತ್ತು ಅವರದ್ದು. ಈ ಕೆರೆಯ ಹರವು ಸುಮಾರು 82,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಅತಿ ಆಳದ ಜಾಗ 406 ಮೀಟರ್. ಇಲ್ಲಿನ ಮೂಲ ನಿವಾಸಿಗಳಾದ ಒಜಿಬ್ವೆ ಜನ ಇದನ್ನು ಗಿಚಿಗಮಿ ಅನ್ನುತ್ತಾರೆ, ಅಂದರೆ ದೊಡ್ಡ ಕಡಲು. ಅವರು ಇಟ್ಟ ಹೆಸರೇ ಸರಿ.

ಹೇಳಬೇಕು ಅಂದುಕೊಂಡಿದ್ದು ಪ್ಯಾಲಿಸೇಡ್ ಹೆಡ್ ಬಗ್ಗೆ. ಇದೇ ಪಾರ್ಕಿನ ಒಂದು ಭಾಗ, ಸಿಲ್ವರ್ ಬೇ ಊರಿನ ಪಕ್ಕ. ಕಿರಿದಾದ ರಸ್ತೆಯಲ್ಲಿ ಮೇಲೆ ಹತ್ತಿದರೆ ನೀರಿನಿಂದ 300 ಅಡಿಗೂ ಎತ್ತರದ ಬಂಡೆ. ಅಂಚಿನ ಉದ್ದಕ್ಕೂ ಹೆಚ್ಚಿನ ಕಡೆ ಕಂಬಿ ಗಿಂಬಿ ಏನೂ ಇಲ್ಲ. ಕಲ್ಲು ಮುಗಿಯಿತು, ಗಾಳಿ ಶುರುವಾಯಿತು. ನಾವು ಹೋದಾಗ ಒಂದು ಕುಟುಂಬ ಐದಾರು ವರ್ಷದ ಮಗುವನ್ನು ಅಂಚಿನ ಹತ್ತಿರ ನಿಲ್ಲಿಸಿ ಫೋಟೋ ತೆಗೆಯುತ್ತಿತ್ತು. ತೆಗೆಯುವವರೂ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಅಪ್ಪನಿಗೆ ತಡೆಯಲಾಗಲಿಲ್ಲ, ಕನ್ನಡದಲ್ಲೇ ಕೂಗಿದರು. ಭಾಷೆ ಅರ್ಥವಾಗದಿದ್ದರೂ ಅವರು ನಿಂತರು, ಮಗುವನ್ನು ಎತ್ತಿಕೊಂಡರು.

ವಾಪಸ್ ಬರುವಾಗ ಅಪ್ಪನದ್ದು ಒಂದೇ ಪ್ರಶ್ನೆ. "ಸರ್ಕಾರ ಒಂದು ಕಂಬಿ ಹಾಕಿಸಬಾರದಾ?"

ಬಹಳ ಜನ ಇದನ್ನೇ ಕೇಳುತ್ತಾರೆ. ನಾನು ಹಾಕಿಸಬಾರದು ಅನ್ನುವವಳು. ನೋಟ ಕೆಡುತ್ತದೆ ಅಂತ ಅಲ್ಲ. ಇಲ್ಲಿ ಕಂಬಿ ನೆಡುವುದಾದರೂ ಎಲ್ಲಿ? ಈ ಬಂಡೆ ರಯೋಲೈಟ್, ಸುಮಾರು 110 ಕೋಟಿ ವರ್ಷದ ಹಿಂದೆ ನೆಲ ಬಿರಿದು ಹೊರಬಂದ ಲಾವಾ ಗಟ್ಟಿಯಾಗಿದ್ದು. ಅಷ್ಟು ಹಳೆಯ ಕಲ್ಲು ಅಲ್ವಾ, ಎಲ್ಲಿಗೆ ಹೋಗುತ್ತೆ ಅನಿಸಬಹುದು. ಹೋಗುತ್ತೆ. ಬಿರುಕಿನಲ್ಲಿ ನೀರು ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಬಿರುಕು ಇನ್ನಷ್ಟು ಅಗಲವಾಗುತ್ತದೆ. ಕೆಳಗಿಂದ ಅಲೆ ಕೊರೆಯುತ್ತಲೇ ಇರುತ್ತದೆ. ಇದೇ ಪಾರ್ಕಿನ ದಡದಲ್ಲಿ ಒಂದು ಕಲ್ಲಿನ ಕಮಾನು ಇತ್ತು, ಎಲ್ಲರ ಫೋಟೋದಲ್ಲೂ ಇರುತ್ತಿತ್ತು. 2010ರ ಆಗಸ್ಟ್‌ನಲ್ಲಿ ಅದು ಕುಸಿಯಿತು. ಒಂಟಿ ಕಂಬದ ಹಾಗೆ ಉಳಿದಿದ್ದ ಕಲ್ಲು 2019ರಲ್ಲಿ ಬಿತ್ತು. ಕಂಬಿ ಹಾಕಿದರೆ ಜನ ಅದಕ್ಕೆ ಒರಗುತ್ತಾರೆ, ಮಕ್ಕಳನ್ನು ಅದರ ಮೇಲೆ ಕೂರಿಸುತ್ತಾರೆ. ಕಂಬಿಯವರೆಗೆ ಕಲ್ಲು ಗಟ್ಟಿ ಅಂತ ನಂಬುತ್ತಾರೆ. ಆ ಮಾತು ಕೊಡುವ ಸ್ಥಿತಿಯಲ್ಲಿ ಈ ಬಂಡೆ ಇಲ್ಲ.

ಹಾಗಂತ ಜವಾಬ್ದಾರಿ ಯಾರದ್ದೂ ಅಲ್ಲ ಅಂತಲ್ಲ. ಕಂಬಿ ಇಲ್ಲದ ಕಡೆ ಅದು ಪೂರ್ತಿ ನಮ್ಮದು. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತರೂ ಕೆರೆ ಅಷ್ಟೇ ಕಾಣುತ್ತದೆ. ಮಳೆ ಬಿದ್ದ ಕಲ್ಲು ಜಾರುತ್ತದೆ, ಆವತ್ತು ಮೇಲೆ ಹೋಗಲೇಬೇಡಿ.

ನೀರಿನ ವಿಷಯದಲ್ಲಂತೂ ನನಗೆ ನಿಜವಾಗಿ ಭಯ. ಈ ಕೆರೆಯ ಸರಾಸರಿ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲೂ ಪಾದ ಅದ್ದಿದರೆ ಒಂದೇ ನಿಮಿಷಕ್ಕೆ ಮೂಳೆ ನೋಯುತ್ತದೆ. ಇಂಥ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಬಾಯಿ ನೀರಲ್ಲಿದ್ದರೆ ಮುಗಿಯಿತು. ಈಜು ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ನಮ್ಮೂರ ಕಡಲಲ್ಲಿ ಆಡಿ ಬೆಳೆದವರಿಗೇ ಈ ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ನಮಗೆ ಅಲೆ ಅಂದರೆ ಬೆಚ್ಚಗಿನ ನೀರು. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ಇದೇ ಕೆರೆಯಲ್ಲಿ 29 ಜನರ ಸಮೇತ ಮುಳುಗಿತು. ಪ್ರತಿ ವರ್ಷ ಆ ದಿನ ಹತ್ತಿರದ ಸ್ಪ್ಲಿಟ್ ರಾಕ್ ಲೈಟ್‌ಹೌಸ್‌ನಲ್ಲಿ ಅವರ ನೆನಪಿಗೆ ದೀಪ ಹಚ್ಚುತ್ತಾರೆ. ಇದನ್ನು ಕೇಳಿದ ಅಪ್ಪ ನೀರಿಗೆ ಕೈಮುಗಿದರು.

ಎರಡನೇ ದಿನ ಬ್ಯಾಪ್ಟಿಸಂ ನದಿಯ ಹೈ ಫಾಲ್ಸ್‌ಗೆ ನಡೆದೆವು. ಸುಮಾರು 60 ಅಡಿ. ಜೋಗ ನೋಡಿದವರಿಗೆ ಚಿಕ್ಕದು, ಆದರೆ ನೀರು ಕಷಾಯದ ಬಣ್ಣ. ಮೇಲಿನ ಜೌಗು ನೆಲದಲ್ಲಿ ಗಿಡ, ಎಲೆ ಕೊಳೆತು ಬಿಟ್ಟ ಬಣ್ಣ ಅದು. ಅಪ್ಪನಿಗೆ 71. ಹತ್ತು ಕಡೆ ಕೂತೆವು, ಹತ್ತು ಕಡೆಯೂ ಏನಾದರೂ ನೋಡಲು ಸಿಕ್ಕಿತು. ದಯವಿಟ್ಟು ಒಂದೇ ದಿನದಲ್ಲಿ ನಾಲ್ಕು ಪಾರ್ಕ್ ಮುಗಿಸಬೇಡಿ. ಊರಿಂದ ಬಂದ ಅಪ್ಪ ಅಮ್ಮನನ್ನು ಮಾಲ್ ಸುತ್ತಿಸುವ ಬದಲು ಇಂಥ ಕಡೆ ಎರಡು ದಿನ ಕೊಡಿ. ಕಾರಿಗೆ ದಿನದ ಪರ್ಮಿಟ್ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲೂ ಅವರಿಗೊಂದು ಜಾಕೆಟ್ ಇಟ್ಟುಕೊಳ್ಳಿ. ದಡದ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಜೇಬಿಗೆ ಹಾಕಬೇಡಿ, ಸ್ಟೇಟ್ ಪಾರ್ಕಿನಿಂದ ಕಲ್ಲು ತರುವ ಹಾಗಿಲ್ಲ. ಅಪ್ಪ ಸಾಲಿಗ್ರಾಮದಂಥ ಒಂದು ಕರಿ ಕಲ್ಲು ಆರಿಸಿದ್ದರು. ವಿಷಯ ಹೇಳಿದ ಮೇಲೆ ಮತ್ತೆ ಮೆಟ್ಟಿಲಿಳಿದು ಹೋಗಿ ಎತ್ತಿದ ಜಾಗದಲ್ಲೇ ಇಟ್ಟು ಬಂದರು.

ಅವರೀಗ ಕುಮಟಾದಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ಊಟ ಆಯ್ತಾ ಅಂತಲೂ ಕೇಳದೆ ಮೊದಲು ಕೇಳಿದ್ದು, "ನಾವು ಕೂತಿದ್ವಲ್ಲ ಆ ಬಂಡೆ, ಇನ್ನೂ ಇದೆಯೇನೇ?"

ಇದೆ ಅಪ್ಪಾ ಅಂದೆ. ಅಕ್ಟೋಬರ್‌ನಲ್ಲಿ ಹೋಗಿ ನೋಡಿ ಬರಬೇಕು.